ಕಂದಾಯದ ಪುಸ್ತಕದಲ್ಲಿ ಮನೆತನದ ಹುಡುಕಾಟ

ಪಹಣಿ ಇನ್ನೂ ಮುತ್ತಜ್ಜನ ಹೆಸರಲ್ಲೇ ಇದೆ, ಪೌತಿ ಖಾತೆ ಮಾಡಿಸಿಕೊಳ್ಳೋಣ ಎಂದು ತಾಲ್ಲೂಕು ಕಚೇರಿಗೆ ಹೋದವರು ಎಷ್ಟೋ ಸಲ ಅಲ್ಲಿಂದ ಸೀದಾ ಬ್ರಿಟಿಷರ ಕಾಲಕ್ಕೆ ಹೋಗಬೇಕಾಗುತ್ತದೆ. ವಂಶವೃಕ್ಷ ತನ್ನಿ ಎನ್ನುತ್ತಾರೆ. ವಂಶವೃಕ್ಷದ ಹೆಸರಿಗೂ ಪಹಣಿಯ ಹೆಸರಿಗೂ ತಾಳೆಯಾಗದಿದ್ದರೆ ಮೂಲ ದಾಖಲೆ ತೆಗೆಸಿ ಎನ್ನುತ್ತಾರೆ. ಅರ್ಜಿ ಹಾಕಿ ಕಾದ ಮೇಲೆ ಕೈಗೆ ಬರುವುದು ಮೋಡಿ ಎಂಬ ಹಳೆಯ ಓಟಬರಹದ ಒಂದು ಹಾಳೆಯೋ, ಆಣೆ–ಪೈ ಲೆಕ್ಕದ ಒಂದು ಸಾಲೋ, ಗೆರೆಗಳೂ ಅಂಕಿಗಳೂ ಕಿಕ್ಕಿರಿದ ಒಂದು ಟಿಪ್ಪಣಿ ನಕ್ಷೆಯೋ ಆಗಿರುತ್ತದೆ. ಅದನ್ನು ಹಿಡಿದುಕೊಂಡು ‘ಇದು ನಮ್ಮದೇನಾ?’ ಎಂದು ಕೇಳುವವರು ಈಗ ಹೆಚ್ಚಾಗುತ್ತಿದ್ದಾರೆ. ರಾಜ್ಯ ಸರ್ಕಾರ ‘ಭೂ ಸುರಕ್ಷಾ’ ಯೋಜನೆಯಲ್ಲಿ ಅಭಿಲೇಖಾಲಯಗಳ ಹಳೆಯ ಕಂದಾಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ನಕಲು ಸಿಗುವುದು ಸುಲಭವಾಗುತ್ತಾ ಹೋದಂತೆ ಆ ಪ್ರಶ್ನೆ ಕೇಳುವವರೂ ಹೆಚ್ಚುತ್ತಾರೆ.

ಇವರಲ್ಲಿ ಬಹಳ ಮಂದಿ ಜಮೀನಿನ ಹಕ್ಕನ್ನಷ್ಟೇ ಹುಡುಕುತ್ತಿರುವುದಿಲ್ಲ. ನಮ್ಮವರು ಈ ಊರಿಗೆ ಯಾವಾಗ ಬಂದರು, ಹಳೇ ಮನೆ ಎಲ್ಲಿತ್ತು, ಅಜ್ಜಿಯ ಕಡೆಯ ಹೊಲ ಏನಾಯಿತು, ಇವೂ ಆ ಹುಡುಕಾಟದಲ್ಲಿ ಸೇರಿರುತ್ತವೆ. ಅಂಥವರಿಗಾಗಿ ಈ ಬರಹ. ಮೊದಲು ತಿಳಿದಿರಬೇಕಾದ ಒಂದು ಮಾತಿದೆ. ವಸಾಹತು ಕಾಲದ ಜಮೀನಿನ ಪುಸ್ತಕ ಬರೆದದ್ದು ಕಂದಾಯ ವಸೂಲಿಗೆ. ಈ ಹೊಲಕ್ಕೆ ಎಷ್ಟು ಕಂದಾಯ, ಕೊಡದಿದ್ದರೆ ಯಾರನ್ನು ಹಿಡಿಯಬೇಕು ಎಂಬುದಕ್ಕೆ ಅದರಲ್ಲಿ ಖಚಿತ ಉತ್ತರವಿದೆ. ಯಾರು ಉತ್ತರು, ಯಾರು ಬಾಳಿದರು, ಯಾರದು ನ್ಯಾಯವಾದ ಪಾಲು ಎಂಬ ಪ್ರಶ್ನೆಗಳನ್ನು ಅದು ಕೇಳಿಕೊಂಡೇ ಇರಲಿಲ್ಲ. ಆದ್ದರಿಂದ ಅದರಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ನಮ್ಮವರು ಅಲ್ಲಿರಲಿಲ್ಲ ಎನ್ನುವಂತಿಲ್ಲ.

ಬ್ರಿಟಿಷರಿಗಿಂತ ಮೊದಲು ಲೆಕ್ಕವೇ ಇರಲಿಲ್ಲ ಎನ್ನುವುದು ತಪ್ಪು. ಕೆಳದಿಯ ಶಿವಪ್ಪನಾಯಕನ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆ 17ನೇ ಶತಮಾನದ್ದು. ಕೊಡಗಿನಲ್ಲಿ ಲಿಂಗರಾಜನ ಕಾಲದ ಶಿಸ್ತನ್ನು ಬ್ರಿಟಿಷರೂ ಆಧಾರವಾಗಿ ಇಟ್ಟುಕೊಂಡರು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳು ಶಾನುಭೋಗರ ಮನೆಗಳಲ್ಲಿ ಪೀಳಿಗೆಯಿಂದ ಪೀಳಿಗೆಗೆ ಬರುತ್ತಿದ್ದವು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಕರಾವಳಿಯ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು. ಅಲ್ಲಿಗೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೊ ಈ ಹಳೆಯ ಲೆಕ್ಕಗಳನ್ನು ತರಿಸಿ ನೋಡಿದ. ಕರಾವಳಿಯಲ್ಲಿ ಜಮೀನು ಬಹುಕಾಲದಿಂದ ಖಾಸಗಿ ಸ್ವತ್ತಾಗಿಯೇ ಇದೆ ಎಂದು 1800ರಲ್ಲಿ ಮದರಾಸಿಗೆ ವರದಿ ಮಾಡಿದ. ಅದೇ ಮನ್ರೊ ಮುಂದೆ ಬಳ್ಳಾರಿ ಸೀಮೆಯನ್ನೊಳಗೊಂಡ ಜಿಲ್ಲೆಗಳಿಗೆ ಹೋಗಿ, ಸರ್ಕಾರ ಮತ್ತು ರೈತನ ನಡುವೆ ಜಮೀನ್ದಾರ ಬೇಡ, ಪ್ರತಿ ರೈತನ ಹೆಸರಲ್ಲೇ ಕಂದಾಯ ಕಟ್ಟೋಣ ಎಂಬ ರೈತವಾರಿ ಪದ್ಧತಿಗೆ ರೂಪ ಕೊಟ್ಟ. ಇವತ್ತು ನಮ್ಮ ಪಹಣಿಯಲ್ಲಿ ಒಬ್ಬೊಬ್ಬ ರೈತನ ಹೆಸರು ಬಿಡಿಬಿಡಿಯಾಗಿ ಕಾಣುವುದರ ಬೇರು ಅಲ್ಲಿದೆ.

ಆದರೆ ಈಗ ನಾವು ಕಾಣುವ ಸರ್ವೆ ನಂಬರು, ಎಕರೆ–ಗುಂಟೆ, ಟಿಪ್ಪಣಿ, ಆಕಾರ್‌ಬಂದ್ (ನಂಬರುವಾರು ಕಂದಾಯದ ಪಟ್ಟಿ) ಇವೆಲ್ಲ ರಾಜ್ಯದ ಬಹುಭಾಗಕ್ಕೆ ಬಂದದ್ದು ಮುಂಬಯಿ ಕಡೆಯಿಂದ. ಪ್ರಿಂಗಲ್ ಎಂಬ ಅಧಿಕಾರಿಯ ಮೊದಲ ಪ್ರಯತ್ನ ವಿಫಲವಾಯಿತು. ಆಮೇಲೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ 1835ರ ಸುಮಾರಿಗೆ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಹೊಸ ಕ್ರಮ ಶುರುಮಾಡಿದರು. 1840ರ ದಶಕದಲ್ಲಿ ಅದು ಧಾರವಾಡ ಸೀಮೆಗೆ ಬಂತು. 1847ರಲ್ಲಿ ಅದರ ನಿಯಮಗಳು ಒಂದು ವರದಿಯಾಗಿ ಗಟ್ಟಿಯಾದವು. ನಗರ ಸೀಮೆಯ ರೈತರ ದಂಗೆಯ ನಂತರ 1831ರಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತಕ್ಕೆ ಒಳಗಾಗಿದ್ದ ಮೈಸೂರಿನಲ್ಲಿ 1863ರಿಂದ ಇದೇ ಮುಂಬಯಿ ಮಾದರಿಯ ಸರ್ವೆ ನಡೆಯಿತು. 1881ರಲ್ಲಿ ಆಡಳಿತ ಒಡೆಯರಿಗೆ ಮರಳಿದರೂ ಸರಪಳಿ, ಪುಸ್ತಕ, ನಂಬರು ಯಾವುದೂ ಬದಲಾಗಲಿಲ್ಲ. ಹೀಗಾಗಿ ಮಂಡ್ಯದ ಟಿಪ್ಪಣಿಯನ್ನು ಓದಲು ಬಂದವರಿಗೆ ಹಾವೇರಿಯ ಟಿಪ್ಪಣಿಯೂ ಹೆಚ್ಚುಕಡಿಮೆ ಅರ್ಥವಾಗುತ್ತದೆ, ಅಕ್ಷರ ಬೇರೆಯಾಗಿರಬಹುದು ಅಷ್ಟೆ.

ಆ ಟಿಪ್ಪಣಿಯನ್ನು ಕೊಂಚ ಹತ್ತಿರದಿಂದ ನೋಡೋಣ. ಒಂದು ಸರ್ವೆ ನಂಬರಿಗೆ ಒಂದು ಚಿತ್ರ. ಹೊಲದ ನಡುವೆ ಉದ್ದಕ್ಕೆ ಒಂದು ಗೆರೆ, ಅದರ ಎಡಕ್ಕೂ ಬಲಕ್ಕೂ ಹೊಲದ ಮೂಲೆಗಳವರೆಗೆ ಅಡ್ಡಗೆರೆಗಳು, ಪ್ರತಿ ಗೆರೆಯ ಪಕ್ಕ ಎರಡು ಅಂಕಿ. ಮೊದಲನೆಯದು ಸರಪಳಿ, ಎರಡನೆಯದು ಆಣೆ. ಸರಪಳಿಯ ಉದ್ದ 33 ಅಡಿ. ರೂಪಾಯಿಯನ್ನು ಮಾಡಿದ ಹಾಗೆಯೇ ಅದನ್ನೂ 16 ಆಣೆಯಾಗಿ ಭಾಗ ಮಾಡಿದ್ದರು, ಆದ್ದರಿಂದ ಒಂದು ಆಣೆಯೆಂದರೆ ಎರಡಡಿಗಿಂತ ಚೂರು ಹೆಚ್ಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆಗೆ ಒಂದು ಎಕರೆ. ಮೂಲೆಗಳಲ್ಲಿ ನೆಟ್ಟ ಬಾಂದು ಕಲ್ಲಿನ ಗುರುತು ಇರುತ್ತದೆ, ಸುತ್ತಲಿನ ನಂಬರುಗಳು ಇರುತ್ತವೆ. ದಾರಿ, ಹಳ್ಳ, ಬಾವಿಗಳನ್ನು ಗುರುತು ಮಾಡಿರುವುದೂ ಉಂಟು. ಇವತ್ತು ಬದುವಿನ ಜಗಳ ಬಂದು ಸರ್ವೆಯರ್ ಅಳತೆಗೆ ಬಂದರೆ ಅವರ ಕೈಯಲ್ಲಿರುವುದೂ ಈ ಹಾಳೆಯ ನಕಲೇ.

ಅಳತೆ ಮುಗಿದ ಮೇಲೆ ಮಣ್ಣಿನ ತರಗತಿ ನಿಶ್ಚಯಿಸುವವರು ಬರುತ್ತಿದ್ದರು. ವಿಂಗೇಟ್ ಕಾಲದ ನಿಯಮದಲ್ಲಿ ಮಣ್ಣು ಮೂರು ಬಗೆ. ಒಂದೊಂದು ಬಗೆಯನ್ನೂ ಆಳದ ಮೇಲೆ ವಿಂಗಡಿಸಿ ಒಟ್ಟು ಒಂಬತ್ತು ತರಗತಿ. ಹೊಲವನ್ನು ಭಾಗ ಮಾಡಿಕೊಂಡು, ಗುಂಡಿ ತೋಡಿ, ಕಲ್ಲು, ಸವಳು, ಇಳಿಜಾರು ಇದ್ದರೆ ಅದಕ್ಕೆ ತಕ್ಕ ಚಿಹ್ನೆ ಹಾಕಿ ತರಗತಿ ಇಳಿಸುತ್ತಿದ್ದರು. ಆ ಲೆಕ್ಕವೂ 16 ಆಣೆಯಲ್ಲೇ. ಮನೆತನದ ಕಥೆಗೆ ಇದರಿಂದೇನು ಎನಿಸಬಹುದು. ನನ್ನ ಮಟ್ಟಿಗೆ ಈ ಆಣೆಗಳು ಬಹಳ ಮುಖ್ಯ. ಅಣ್ಣತಮ್ಮಂದಿರ ಎರಡು ನಂಬರುಗಳಲ್ಲಿ ಒಂದಕ್ಕೆ 14 ಆಣೆ, ಇನ್ನೊಂದಕ್ಕೆ 5 ಆಣೆ ಎಂದಿದ್ದರೆ ಯಾರ ಪಾಲಿಗೆ ಎಂಥ ನೆಲ ಬಂದಿತ್ತು, ಯಾರ ಮಕ್ಕಳು ಊರು ಬಿಟ್ಟು ದುಡಿಯಲು ಹೋಗಬೇಕಾಯಿತು ಎಂಬುದರ ಸುಳಿವು ಅಲ್ಲೇ ಸಿಕ್ಕಿಬಿಡುತ್ತದೆ. ಖುಷ್ಕಿ (ಒಣಭೂಮಿ), ತರಿ (ನೀರಾವರಿ), ಬಾಗಾಯ್ತು (ತೋಟ) ಎಂಬ ವಿಂಗಡಣೆಯನ್ನೂ ಹೀಗೆಯೇ ಓದಬೇಕು. ಅಜ್ಜಂದಿರ ಕಾಲದಲ್ಲಿ ತರಿಯಾಗಿದ್ದ ನೆಲ ಮುಂದಿನ ದಾಖಲೆಯಲ್ಲಿ ಖುಷ್ಕಿಯಾಗಿ ಕಂಡರೆ, ಊರಿನ ಕೆರೆ ಏನಾಯಿತು ಎಂದು ಕೇಳಬೇಕು.

ಇನ್ನು ಹೆಸರಿನ ಸಾಲು. ಹಳೇ ಮೈಸೂರಿನ ದಾಖಲೆಗಳಲ್ಲಿ ‘ಬಿನ್’ ಎಂದರೆ ಇಂಥವರ ಮಗ, ‘ಕೋಂ’ ಎಂದರೆ ಇಂಥವರ ಹೆಂಡತಿ. ಒಂದು ಊಹೆಯ ಉದಾಹರಣೆ ತೆಗೆದುಕೊಳ್ಳಿ. 1880ರ ದಶಕದ ಪುಸ್ತಕದಲ್ಲಿ ಸರ್ವೆ ನಂಬರು 42, ಒಟ್ಟು 3 ಎಕರೆ 18 ಗುಂಟೆ, ಖರಾಬು 6 ಗುಂಟೆ, ಉಳಿದದ್ದು 3 ಎಕರೆ 12 ಗುಂಟೆ, ಖಾತೆದಾರ ತಿಮ್ಮೇಗೌಡ ಬಿನ್ ಲಿಂಗೇಗೌಡ. 1930ರ ದಶಕದ ಹಕ್ಕುದಾಖಲೆಯಲ್ಲಿ ಅದೇ ನಂಬರಿಗೆ ‘ಲಕ್ಕಮ್ಮ ಕೋಂ ಲೇಟ್ ತಿಮ್ಮೇಗೌಡ, ಮೈನರ್ ಮಗನ ಗಾರ್ಡಿಯನ್’. ಆಮೇಲೆ 1960ರ ದಶಕದ ಕೈಬರಹದ ಪಹಣಿಯಲ್ಲಿ ‘ಲಿಂಗೇಗೌಡ ಬಿನ್ ತಿಮ್ಮೇಗೌಡ’. ಸುಮ್ಮನೆ ಓದಿದರೆ ಗಂಡ, ಹೆಂಡತಿ, ಮಗ, ಮೂರೇ ಜನ ಎನಿಸುತ್ತದೆ. ವರ್ಷ ಎಣಿಸಿದರೆ ಹೊಂದುವುದಿಲ್ಲ. 1880ರ ದಶಕದಲ್ಲಿ ಖಾತೆದಾರನಾಗಿದ್ದವನ ಮಗ 1930ರ ದಶಕದಲ್ಲಿ ಮೈನರ್ ಆಗಿರುವುದು ಹೇಗೆ? ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಲ್ಲಿ ಇದರ ಉತ್ತರವಿದೆ. ಲಕ್ಕಮ್ಮನ ಗಂಡ ಮೊದಲ ತಿಮ್ಮೇಗೌಡನ ಮೊಮ್ಮಗ. ನಡುವೆ ಒಬ್ಬ ಲಿಂಗೇಗೌಡನಿದ್ದ, ಅವನ ಹೆಸರಿಗೆ ಖಾತೆಯೇ ಆಗಲಿಲ್ಲ. ಒಂದು ಇಡೀ ತಲೆಮಾರು ಪುಸ್ತಕದಿಂದ ಜಾರಿಹೋಗಿದೆ. ವಂಶವೃಕ್ಷ ತಾಳೆಯಾಗದಿರಲು ಇದು ಬಹು ದೊಡ್ಡ ಕಾರಣ. ಖಾತೆ ಬದಲಾಯಿಸದಿದ್ದರೂ ಕಂದಾಯ ಬರುತ್ತಿದ್ದರೆ ಶಾನುಭೋಗರು ಹೆಸರನ್ನು ಹಾಗೇ ಬಿಟ್ಟಿರುತ್ತಿದ್ದರು. ಇಂದಿಗೂ ಸತ್ತವರ ಹೆಸರಲ್ಲಿ ಪಹಣಿ ಬರುತ್ತಿರುವುದು ಆ ಅಭ್ಯಾಸದ ಮುಂದುವರಿಕೆ.

ಕಾಲವನ್ನು ಹಿಡಿಯುವುದಕ್ಕೂ ಕೆಲವು ಕೀಲಿಗಳಿವೆ. ಮದರಾಸು ಆಡಳಿತದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಕಡೆಯ ಲೆಕ್ಕಗಳಲ್ಲಿ ಫಸಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ವರ್ಷ ಜುಲೈಗೆ ಶುರು. ಫಸಲಿ 1310 ಎಂದರೆ 1900–01. ಮನೆಯ ಪೆಟ್ಟಿಗೆಯಲ್ಲಿ ಸಿಗುವ ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರಗಳಲ್ಲಿ ಬರೀ ಸಂವತ್ಸರದ ಹೆಸರಿರುವುದುಂಟು. ಪ್ರಭವ ಎಂದಿದ್ದರೆ 1867–68 ಆಗಬಹುದು, 1927–28 ಆಗಬಹುದು. ಆಗ ಛಾಪಾ ಕಾಗದದ ಮುದ್ರೆ ನೋಡಬೇಕು. ಬ್ರಿಟಿಷ್ ಆಳ್ವಿಕೆಯ ಜಿಲ್ಲೆಗಳಲ್ಲಾದರೆ ವಿಕ್ಟೋರಿಯಾ ರಾಣಿಯ ಮುಖವಿದ್ದರೆ ಮೊದಲನೆಯದು, ಐದನೇ ಜಾರ್ಜ್ ಮುಖವಿದ್ದರೆ ಎರಡನೆಯದು. ಸರ್ವೆಗಿಂತ ಹಿಂದಿನ ಪತ್ರವಾದರೆ ಎಕರೆಯ ಮಾತೇ ಇರುವುದಿಲ್ಲ. ಇಷ್ಟು ಖಂಡುಗ, ಇಷ್ಟು ಕೊಳಗ ಬೀಜ ಬಿತ್ತುವ ನೆಲ ಎಂದು ಬರೆದಿರುತ್ತಾರೆ. ಅದನ್ನು ಎಕರೆಗೆ ಲೆಕ್ಕ ಹಾಕಲು ಹೋಗಬೇಡಿ. ಊರಿಗೊಂದು ಕೊಳಗವಿತ್ತು, ಮಣ್ಣಿಗೊಂದು ಬಿತ್ತನೆಯಿತ್ತು. ಬದಲಿಗೆ ಚಕ್ಕುಬಂದಿ ಓದಿ. ಮೂಡಲಿಗೆ ಯಾರ ಗದ್ದೆ, ಪಡುವಲಿಗೆ ಯಾವ ಹಳ್ಳ ಎಂಬುದು ಅಳತೆಗಿಂತ ನಂಬಿಕಸ್ಥ.

ಇಷ್ಟು ವಿವರವಾಗಿ ಹೊಲವನ್ನು ಬರೆದಿಟ್ಟ ಪುಸ್ತಕದಲ್ಲಿ ಮನೆ ಎಲ್ಲಿ? ಮನೆತನದ ಚರಿತ್ರೆ ಹುಡುಕುವವರಿಗೆ ದೊಡ್ಡ ನಿರಾಸೆಯಾಗುವುದು ಇಲ್ಲಿಯೇ. ಬಯಲುಸೀಮೆಯ ಯಾವ ಊರಿನ ಹಳೆಯ ಗ್ರಾಮ ನಕಾಶೆಯನ್ನಾದರೂ ತೆಗೆದು ನೋಡಿ. ಹೊಲಗಳೆಲ್ಲ ನಂಬರು ಹೊತ್ತು ಒತ್ತೊತ್ತಾಗಿ ನಿಂತಿರುತ್ತವೆ. ನಡುವೆ ಒಂದು ಕಡೆ ಮಾತ್ರ ನಂಬರು ಹಂಚದ ಜಾಗ, ಅದರ ಮೇಲೆ ‘ಗ್ರಾಮಠಾಣಾ’ ಎಂದಷ್ಟೇ ಬರೆದಿರುತ್ತದೆ. ಜನ ಹುಟ್ಟಿದ್ದು, ಮದುವೆಯಾದದ್ದು, ಸತ್ತದ್ದು ಎಲ್ಲ ಆ ಖಾಲಿ ಜಾಗದಲ್ಲಿ. ಅಲ್ಲಿ ಬೆಳೆಯಿಲ್ಲ, ಬೆಳೆಯಿಲ್ಲದ ಮೇಲೆ ಕಂದಾಯವಿಲ್ಲ, ಕಂದಾಯವಿಲ್ಲದ ಮೇಲೆ ಮನೆ ಮನೆಗೆ ಸರಪಳಿ ಹಿಡಿಯುವ ಕಾರಣವೂ ಇರಲಿಲ್ಲ. ಬೀದಿ, ಹಿತ್ತಲು, ಕೇರಿ ಯಾವುದೂ ದಾಖಲಾಗಲಿಲ್ಲ. ಯಾವ ಜಾತಿಯ ಕೇರಿ ಊರಿನಿಂದ ಎಷ್ಟು ದೂರದಲ್ಲಿತ್ತು ಎಂಬುದೂ ಈ ಪುಸ್ತಕದಿಂದ ತಿಳಿಯುವುದಿಲ್ಲ.

ಆದರೂ ಮನೆ ಪೂರ್ತಿ ಮರೆಯಾಗಿಲ್ಲ. ಖರಾಬು ಕಲಮಿನಲ್ಲಿ ಅದು ಅವಿತುಕೊಂಡಿರಬಹುದು. ಸಾಗುವಳಿಗೆ ಬಾರದ ಭಾಗವನ್ನು ಸರ್ವೆಯಲ್ಲಿ ಖರಾಬು ಎಂದು ಬೇರ್ಪಡಿಸಿ ಕಂದಾಯದಿಂದ ಕಳೆಯುತ್ತಿದ್ದರು. ಅದರಲ್ಲಿ ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ನೆಲ. ‘ಅ’ ಖರಾಬಿನಲ್ಲಿ ಬಂಡೆ, ಕೊರಕಲಿನ ಜೊತೆಗೆ ರೈತನ ಹೊಲದೊಳಗಿನ ಮನೆ, ಕೊಟ್ಟಿಗೆ, ಕಣವೂ ಸೇರುತ್ತವೆ. ಮೇಲಿನ ಉದಾಹರಣೆಯ 6 ಗುಂಟೆ ಖರಾಬನ್ನು ಮತ್ತೊಮ್ಮೆ ನೋಡಿ. ಅದು ‘ಅ’ ಆಗಿದ್ದು, ಆ ಜಾಗದಲ್ಲಿ ಬಂಡೆಯ ಸುಳಿವೇ ಇಲ್ಲದೆ, ಹಳೆಯ ಹುಣಸೆಮರವೋ ಮುಚ್ಚಿಹೋದ ಬಾವಿಯೋ ಇದ್ದರೆ, ಹಿರಿಯರು ‘ಹಳೇ ಮನೆ’ ಎನ್ನುತ್ತಿದ್ದುದು ಇದೇ ಜಾಗವಿರಬಹುದು. ಅಲ್ಲಿಗೆ ನಕ್ಷೆ ಹಿಡಿದು ಹೋಗಿ ನಿಲ್ಲಬೇಕು. ಕಾಗದವೊಂದೇ ಇದನ್ನು ಹೇಳಲಾರದು.

ಕೊಡಗಿನಲ್ಲೂ ಕರಾವಳಿಯಲ್ಲೂ ಚಿತ್ರ ಬೇರೆ. ಅಲ್ಲಿ ಮನೆಗಳು ಊರ ನಡುವೆ ಗುಂಪಾಗಿರದೆ ಗದ್ದೆ, ತೋಟದ ಮಗ್ಗುಲಲ್ಲೇ ಇರುತ್ತವೆ. ಕೊಡವ ಒಕ್ಕದ (ಮನೆತನದ) ಮೂಲಮನೆಯಾದ ಐನ್‌ಮನೆ ಹಾಗೂ ವಂಶಪಾರಂಪರ್ಯದ ಜಮ್ಮಾ ಜಮೀನು ಒಂದಕ್ಕೊಂದು ಅಂಟಿಕೊಂಡೇ ಬಂದವು. ಜಮ್ಮಾ ಗದ್ದೆಗೆ ಪೂರ್ತಿ ಕಂದಾಯದ ‘ಸಾಗು’ ಜಮೀನಿನ ಅರ್ಧದಷ್ಟು ಮಾತ್ರ ಕಂದಾಯವಿತ್ತು. ಅದು ಇಡೀ ಒಕ್ಕಕ್ಕೆ ಸೇರಿದ್ದು, ದಾಖಲೆಯಲ್ಲಿರುವುದು ಒಕ್ಕದ ಹಿರಿಯನಾದ ಪಟ್ಟೆದಾರನ ಹೆಸರು. ಗದ್ದೆಯ ಜೊತೆಗೆ ಸೊಪ್ಪು, ಸೌದೆ, ಮೇವಿಗೆಂದು ಕಂದಾಯವಿಲ್ಲದ ಬಾಣೆ. ತುಳುನಾಡಿನಲ್ಲಿ ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗೆ ಅಂಥದೇ ಬಳಕೆಯ ಕುಮ್ಕಿ. ಆದ್ದರಿಂದ ಇಲ್ಲಿನ ದಾಖಲೆಯಲ್ಲಿ ಒಂದು ಮನೆತನದ ಗದ್ದೆ, ಕಾಡು, ಮನೆ ಮೂರರ ಸಂಬಂಧ ಕಾಣುತ್ತದೆ. ಪಟ್ಟೆದಾರ ಬದಲಾದಂತೆ ಹೆಸರು ಬದಲಾಗುವುದನ್ನು ಮಾರಾಟ ಎಂದು ತಿಳಿದು ತಲೆಕೆಡಿಸಿಕೊಳ್ಳಬಾರದು ಅಷ್ಟೆ.

ತಾಯಿಯ ಕಡೆಯಿಂದ ವಂಶ ಸಾಗುವ ಅಳಿಯಸಂತಾನದ ಕುಟುಂಬಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ವರ್ಗದಾರನಾಗಿದ್ದ ಯಜಮಾನ ತೀರಿಕೊಂಡ ಮೇಲೆ ಮುಂದಿನ ಲೆಕ್ಕದಲ್ಲಿ ಬೇರೆ ತಂದೆಯ ಮಗನೊಬ್ಬ ಕಾಣಿಸಿಕೊಳ್ಳುತ್ತಾನೆ. ಹೊರಗಿನವರಿಗೆ ಜಮೀನು ಕೈಬಿಟ್ಟುಹೋದಂತೆ ಕಾಣುತ್ತದೆ. ಆತ ಸೋದರಳಿಯ, ಅಂದರೆ ಅಕ್ಕನ ಮಗನೋ ತಂಗಿಯ ಮಗನೋ. ಇಬ್ಬರನ್ನೂ ಬೆಸೆಯುವ ಆ ಹೆಂಗಸಿನ ಹೆಸರು ಮಾತ್ರ ಎಲ್ಲೂ ಇರುವುದಿಲ್ಲ. ಕುಟುಂಬ ನಿಂತದ್ದೇ ಅವಳ ಮೇಲೆ, ಪುಸ್ತಕಕ್ಕೆ ಬೇಕಾದದ್ದು ಕಂದಾಯ ಕಟ್ಟುವ ಗಂಡಸು. ಬಯಲುಸೀಮೆಯಲ್ಲೂ ಹೆಂಗಸು ದಾಖಲೆಗೆ ಬರುವುದು ಬಹುಪಾಲು ಗಂಡ ಸತ್ತು ಮಗ ಚಿಕ್ಕವನಾಗಿದ್ದಾಗ. ಮಗ ದೊಡ್ಡವನಾದ ಕೂಡಲೇ ಅವಳ ಹೆಸರಿಗೆ ಸುತ್ತು ಹಾಕಿ ತೆಗೆದುಬಿಡುತ್ತಾರೆ. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಆಸ್ತಿ ಹಕ್ಕಿಗಾಗಿ ಕಾಯ್ದೆ ಮಾಡಿತ್ತು ಎಂಬುದು ಹೆಮ್ಮೆಯ ಸಂಗತಿ. ಆದರೆ ಕಾಯ್ದೆ ಬಂದಷ್ಟು ಬೇಗ ಖಾತೆಯಲ್ಲಿ ಹೆಸರು ಬರಲಿಲ್ಲ. ನಿಮ್ಮ ದಾಖಲೆಯಲ್ಲಿ ‘ಕೋಂ’ ಎಂದಿರುವ ಒಂದು ಸಾಲು ಸಿಕ್ಕರೆ ಅದನ್ನು ಜೋಪಾನವಾಗಿ ನಕಲು ಮಾಡಿಸಿಕೊಳ್ಳಿ. ಆ ಮುತ್ತಜ್ಜಿಯ ಹೆಸರು ಬರವಣಿಗೆಯಲ್ಲಿ ಉಳಿದಿರುವುದು ಪ್ರಾಯಶಃ ಅಲ್ಲೊಂದೇ ಕಡೆ.

ಗೇಣಿದಾರರ ಮಾತು ಬೇರೆಯೇ ಹೇಳಬೇಕು. ಮುಂಬಯಿ ಪ್ರಾಂತ್ಯದಲ್ಲಿ 1903ರ ಕಾಯ್ದೆಯಿಂದ, ಮೈಸೂರಿನಲ್ಲಿ 1927ರ ಕಾಯ್ದೆಯಿಂದ ಹಕ್ಕುದಾಖಲೆ ಶುರುವಾಯಿತು. ಅದಕ್ಕೂ ಮೊದಲು ಇದ್ದದ್ದು ಖಾತೆದಾರನ ಹೆಸರಷ್ಟೆ. ಹಳೇ ಮೈಸೂರಿನ ‘ಐಎಲ್–ಆರ್‌ಆರ್’ ಎಂಬ ಪುಸ್ತಕಗಳು ಈ 1927ರ ಕಾಯ್ದೆಯ ಫಲ. ಮದರಾಸಿನಲ್ಲಿ ಅಂಥ ಹಕ್ಕುದಾಖಲೆಯ ಪದ್ಧತಿಯೇ ಬರಲಿಲ್ಲ. ಹೀಗಾಗಿ ದಕ್ಷಿಣ ಕನ್ನಡದ ಚಾಲಗೇಣಿ ಒಕ್ಕಲುಗಳು ತಲೆಮಾರುಗಟ್ಟಲೆ ಅದೇ ಗದ್ದೆ ಉತ್ತು, ಅದೇ ಅಂಗಳದಲ್ಲಿ ಬಾಳಿದರೂ ಅವರ ಹೆಸರನ್ನು ಕ್ರಮವಾಗಿ ಬರೆದಿಡುವ ಸರ್ಕಾರಿ ಪುಸ್ತಕ ಇರಲಿಲ್ಲ. 1974ರ ಮಾರ್ಚ್ 1ರಂದು ದೇವರಾಜ ಅರಸು ಅವರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದು, ಗೇಣಿ ಜಮೀನೆಲ್ಲ ಸರ್ಕಾರದ ವಶವಾಗಿ, ಒಕ್ಕಲುಗಳು ಹಕ್ಕು ಕೋರಿ ಫಾರಂ 7 ಸಲ್ಲಿಸಬೇಕಾದಾಗ ಅವರ ಬಳಿ ಇದ್ದದ್ದು ಗೇಣಿ ಚೀಟಿ ಮತ್ತು ನೆರೆಯವರ ಬಾಯಿಮಾತು.

ಆ ಬಾಯಿಮಾತು ಎಲ್ಲಿ ಹೋಯಿತು? ಆ ಅರ್ಜಿಗಳನ್ನು ವಿಚಾರಿಸಿದ ಭೂ ನ್ಯಾಯಮಂಡಳಿಗಳು ಅದನ್ನು ಬರೆದುಕೊಂಡವು. ‘ನನ್ನ ಅಜ್ಜನ ಕಾಲದಿಂದ ಈ ಮನೆಯಲ್ಲಿದ್ದೇವೆ, ಇಷ್ಟು ಮುಡಿ ಅಕ್ಕಿ ಗೇಣಿ ಅಳೆಯುತ್ತಿದ್ದೆವು’ ಎಂಬಂಥ ಹೇಳಿಕೆಗಳು, ಪಕ್ಕದ ಗದ್ದೆಯವರ ಸಾಕ್ಷಿ, ಸ್ಥಳ ತನಿಖೆಯ ಮಹಜರು, ಇವೆಲ್ಲ ಆ ಕಡತಗಳಲ್ಲಿವೆ. 1974ರಲ್ಲಿ 70 ವರ್ಷದವರಾಗಿದ್ದವರು ಹೇಳಿದ್ದು 20ನೇ ಶತಮಾನದ ಆರಂಭದ ನೆನಪು. ವಸಾಹತು ಕಾಲದ ಪುಸ್ತಕ ಕೇಳದೆ ಬಿಟ್ಟ ಪ್ರಶ್ನೆಗಳಿಗೆ ಸ್ವಾತಂತ್ರ್ಯಾನಂತರದ ಈ ಕಡತಗಳಲ್ಲಿ ಉತ್ತರವಿದೆ. ಒಕ್ಕಲು ಮನೆತನದವರು ತಮ್ಮ ಹಿರಿಯರನ್ನು ಸರ್ವೆ ಪುಸ್ತಕದಲ್ಲಿ ಹುಡುಕಿ ಬರಿಗೈಲಿ ಬರುವ ಮುಂಚೆ ನ್ಯಾಯಮಂಡಳಿಯ ಕಡತ ಕೇಳಬೇಕು. ಇದನ್ನು ಹೇಳುವವರು ಕಡಿಮೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ದಲಿತ ಕುಟುಂಬಗಳ ಹುಡುಕಾಟಕ್ಕೆ ಇನಾಂ ಪುಸ್ತಕಗಳು ಬಾಗಿಲಾಗಬಹುದು. ತೋಟಿ, ತಳವಾರ, ನೀರಗಂಟಿ ಮೊದಲಾದ ಊರ ಚಾಕರಿಗೆ ಪ್ರತಿಯಾಗಿ ಕೊಟ್ಟ ನೆಲ ಸೇವಾ ಇನಾಂ ಎಂದು ದಾಖಲಾಗುತ್ತಿತ್ತು. ಕೆರೆಯ ತೂಬು ಕಾಯ್ದು ಗದ್ದೆ ಗದ್ದೆಗೆ ನೀರು ಹಂಚಿದ ಮನೆತನದ ಹೆಸರು ಖಾತೆದಾರರ ಪಟ್ಟಿಯಲ್ಲಿ ಸಿಗದಿದ್ದರೂ ಇಲ್ಲಿ ಸಿಗಬಹುದು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಯಾಗಿ ಪಟೇಲ, ಶಾನುಭೋಗರ ವಂಶಪಾರಂಪರ್ಯ ಹುದ್ದೆಗಳು ಹೋದವು. ಆಗ ಈ ಜಮೀನುಗಳನ್ನು ಹಿಡಿದವರಿಗೇ ಮರುಮಂಜೂರು ಮಾಡುವ ಅವಕಾಶವಿತ್ತು. ಆ ಮರುಮಂಜೂರಾತಿ ಕಡತಗಳಲ್ಲಿ ಎರಡು ಮೂರು ತಲೆಮಾರಿನ ವಂಶಾವಳಿ ಇರುವ ಸಂಭವವಿದೆ. ಲಂಬಾಣಿ ತಾಂಡಾ, ಗೊಲ್ಲರ ಹಟ್ಟಿ, ಹಾಡಿಗಳ ಪಾಡು ಇದಕ್ಕಿಂತ ಕಷ್ಟದ್ದು. ಅವು ಗ್ರಾಮಠಾಣಾದ ಒಳಗೂ ಇರಲಿಲ್ಲ. ಒಂದು ಇಡೀ ತಾಂಡಾ ಕಾಗದದ ಮೇಲೆ ಬೇರೆ ಯಾರದೋ ಸರ್ವೆ ನಂಬರು, ಇಲ್ಲವೇ ಸರ್ಕಾರಿ ಬೀಳು. ದಾಖಲೆರಹಿತ ಜನವಸತಿಗಳ ಮನೆಗಳಿಗೆ ಹಕ್ಕುಪತ್ರ ಕೊಡುವಂತೆ ಕಾಯ್ದೆಗೆ ತಿದ್ದುಪಡಿ ಮಾಡಿ, 2023ರ ಜನವರಿಯಲ್ಲಿ ಮಳಖೇಡದಲ್ಲಿ 50 ಸಾವಿರದಷ್ಟು ಹಕ್ಕುಪತ್ರ ಹಂಚುವವರೆಗೆ ಆ ಜನ ಕಾಯಬೇಕಾಯಿತು.

ಕಾನೂನಿನ ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ದಾಖಲೆಯಲ್ಲಿ ಮುತ್ತಜ್ಜನ ಹೆಸರು ಸಿಕ್ಕಿತೆಂದು ಇವತ್ತಿನ ಹಿಡುವಳಿದಾರನ ಮೇಲೆ ದಾವೆ ಹೂಡಲು ಹೊರಡುವವರಿದ್ದಾರೆ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಮಿನ ಪ್ರಕಾರ ಹಕ್ಕುದಾಖಲೆಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕು, ಅಷ್ಟೆ. ಖಾತೆ ಬದಲಾವಣೆಯಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಕ್ರಯಪತ್ರ, ವಿಭಾಗಪತ್ರ, ಮಂಜೂರಾತಿ ಆದೇಶ, ನ್ಯಾಯಮಂಡಳಿಯ ತೀರ್ಪು ಇವುಗಳ ಜೊತೆಗಿಟ್ಟು ನೋಡಿದಾಗಲೇ ಹಕ್ಕಿನ ಚಿತ್ರ ಬರುವುದು. ಮನೆತನದ ಕಥೆ ತಿಳಿಯುವುದಕ್ಕೂ ಜಮೀನು ಕೇಳುವುದಕ್ಕೂ ನಡುವೆ ಬಹಳ ಅಂತರವಿದೆ. ಎರಡನೆಯದಕ್ಕೆ ಹೋಗುವ ಮುಂಚೆ ಒಳ್ಳೆಯ ಸಿವಿಲ್ ವಕೀಲರನ್ನು ಕಾಣಿ.

ಹುಡುಕುವ ದಾರಿ ಸಾಮಾನ್ಯವಾಗಿ ಇಂದಿನಿಂದ ಹಿಂದಕ್ಕೆ. ಕಂಪ್ಯೂಟರ್ ಪಹಣಿ ಬಂದದ್ದು ‘ಭೂಮಿ’ ಯೋಜನೆಯಿಂದ, 2000ದ ಆಸುಪಾಸು. ಅದರ ಹಿಂದೆ ಕೈಬರಹದ ಪಹಣಿ ಮತ್ತು ಮ್ಯುಟೇಶನ್ ವಹಿ, ಅದರ ಹಿಂದೆ ಹಕ್ಕುದಾಖಲೆ, ಆಮೇಲೆ ಸೆಟ್ಲ್‌ಮೆಂಟ್ ಪುಸ್ತಕ ಹಾಗೂ ಮೂಲ ಟಿಪ್ಪಣಿ. ಪಹಣಿಯ ಕಾಗದಗಳು ತಾಲ್ಲೂಕು ಅಭಿಲೇಖಾಲಯದಲ್ಲಿ, ಅಳತೆಯ ಕಾಗದಗಳು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ನೋಂದಾಯಿತ ಪತ್ರಗಳು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಸಿಗುತ್ತವೆ. ಮರುಸರ್ವೆಯಾದ ಕಡೆ ನಂಬರು ಬದಲಾಗಿರುವುದರಿಂದ ಹಳೇ ನಂಬರು–ಹೊಸ ನಂಬರಿನ ತಾಳೆಪಟ್ಟಿ ಮೊದಲು ಕೇಳಬೇಕು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಬೆಂಗಳೂರಿನ ರಾಜ್ಯ ಪತ್ರಾಗಾರ, ಕೆನರಾ–ಬಳ್ಳಾರಿಗಾದರೆ ಚೆನ್ನೈ ಎಗ್ಮೋರಿನ ಪತ್ರಾಗಾರ, ಧಾರವಾಡ–ಬೆಳಗಾವಿಗಾದರೆ ಮುಂಬಯಿ, ಕಲಬುರಗಿ–ರಾಯಚೂರು–ಬೀದರಿಗಾದರೆ ಹೈದರಾಬಾದು. ಉತ್ತರ ಕನ್ನಡದವರು ಎರಡು ಕಡೆ ನೋಡಬೇಕು, ಏಕೆಂದರೆ ಆ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಹೋಯಿತು.

ಅಲ್ಲಿಗೂ ತಲುಪಿದಿರಿ ಎನ್ನಿ. ಓದುವವರು ಯಾರು? ಧಾರವಾಡ, ಬೆಳಗಾವಿ ಕಡೆಯ ಎಷ್ಟೋ ಹಳೆಯ ಲೆಕ್ಕ ಮೋಡಿಯಲ್ಲಿದೆ, ಕಲ್ಯಾಣ ಕರ್ನಾಟಕದ ಸೇತ್ವಾರ್ ಎಂಬ ಭೂದಾಖಲೆ ಉರ್ದುವಿನಲ್ಲಿದೆ. ಮೋಡಿ ಓದಬಲ್ಲ ಹಿರಿಯರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಸ್ಕ್ಯಾನ್ ಮಾಡುವುದು ಒಳ್ಳೆಯ ಕೆಲಸ, ಹುಳು ಹಿಡಿಯುವ ಕಾಗದವನ್ನು ಅದು ಉಳಿಸುತ್ತದೆ. ಆದರೆ ಓದಲಾಗದ ಹಾಳೆಯ ಚಿತ್ರವೂ ಓದಲಾಗದ ಹಾಳೆಯೇ. ಪ್ರತಿ ಜಿಲ್ಲೆಯಲ್ಲಿ ಮೋಡಿ, ಉರ್ದು ಬಲ್ಲ ಕೆಲವರನ್ನು ನೇಮಿಸಿ, ಕಿರಿಯರಿಗೆ ಕಲಿಸಿ, ಮೂಲದ ಪಕ್ಕದಲ್ಲೇ ಅದರ ಕನ್ನಡ ರೂಪ ಕೊಡುವ ವ್ಯವಸ್ಥೆ ಈ ಯೋಜನೆಯ ಭಾಗವಾಗಬೇಕು. ನ್ಯಾಯಮಂಡಳಿಯ ಕಡತಗಳಿಗೆ ಊರುವಾರು ಸೂಚಿ ಬೇಕು. ಹಳೆಯ ಶಾನುಭೋಗ ಮನೆತನಗಳ ಅಟ್ಟದ ಮೇಲೆ ಕಡತದ ಗಂಟುಗಳಿದ್ದರೆ, ಒಡೆತನ ಅವರಲ್ಲೇ ಉಳಿಸಿ ನಕಲು ತೆಗೆದುಕೊಳ್ಳುವ ಏರ್ಪಾಡೂ ಆಗಬೇಕು.

ಇದೆಲ್ಲ ಹಳೆಯ ಪುಸ್ತಕದ ಮಾತಾಯಿತು. ಹೊಸ ಪುಸ್ತಕವೊಂದನ್ನು ಈಗ ನಮ್ಮ ಕಣ್ಣೆದುರೇ ಬರೆಯಲಾಗುತ್ತಿದೆ. 2020ರ ಏಪ್ರಿಲಿನಲ್ಲಿ ಶುರುವಾದ ಕೇಂದ್ರದ ‘ಸ್ವಾಮಿತ್ವ’ ಯೋಜನೆ ಗ್ರಾಮಠಾಣಾವನ್ನು ಡ್ರೋನ್ ಹಾರಿಸಿ ಮನೆ ಮನೆಯಾಗಿ ಅಳೆಯುತ್ತಿದೆ. 19ನೇ ಶತಮಾನದ ಸರ್ವೆ ಖಾಲಿ ಬಿಟ್ಟ ಜಾಗ ಕೊನೆಗೂ ತುಂಬುತ್ತಿದೆ. ಅಲ್ಲಿ ಯಾರ ಹೆಸರು ಬರೆಯುತ್ತೇವೆ ಎಂಬುದು ಮಾತ್ರ ಇನ್ನೂ ನಮ್ಮ ಕೈಯಲ್ಲಿದೆ. ರೂಢಿಯಂತೆ ಹಿರಿಮಗನ ಹೆಸರೊಂದನ್ನೇ ಬರೆಸಿ ಬಂದರೆ ಹೆಂಡತಿ, ಅಕ್ಕತಂಗಿಯರು, ಪಾಲಾಗದ ಹಿಂದಿನ ಕೋಣೆಯಲ್ಲಿರುವ ತಮ್ಮನ ಸಂಸಾರ ಮತ್ತೆ ಪುಸ್ತಕದ ಹೊರಗೇ ಉಳಿಯುತ್ತಾರೆ. ಕರಡು ನಕ್ಷೆ ಪ್ರಕಟವಾಗಿ ಆಕ್ಷೇಪಣೆ ಕರೆಯುವ ದಿನ ನಿಮ್ಮ ಊರಿಗೂ ಬರುತ್ತದೆ. ಆ ದಿನ ಗ್ರಾಮ ಪಂಚಾಯಿತಿಗೆ ಮನೆಯ ಗಂಡಸರಷ್ಟೇ ಹೋಗದೆ ಹೆಂಗಸರೂ ಹೋಗಿ, ಹಿತ್ತಲಿನ ಗೋಡೆ ಸರಿಯಾಗಿ ಬಂದಿದೆಯೇ, ಹೆಸರುಗಳೆಲ್ಲ ಇವೆಯೇ ಎಂದು ಓದಿ ನೋಡಿ. ಬಿಟ್ಟುಹೋದ ಹೆಸರಿದ್ದರೆ ಬರವಣಿಗೆಯಲ್ಲೇ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.